ಕ್ಷೇಮವಾಗಿ ಇಳಿದರು

ಬುಧವಾರ ಬೆಳಿಗ್ಗೆ ಬೀಗದಣ್ಣ ತನ್ನ ಬೀದಿಗೆ ಕಾಲಿಟ್ಟಾಗ ಅವನು ಸತ್ತು ಒಂದು ದಿನ ಕಳೆದಿತ್ತು. ಸಂಗತಿ ಇಡೀ ಬೀದಿಗೆ ಗೊತ್ತಿತ್ತು, ಅವನೊಬ್ಬನಿಗೆ ಬಿಟ್ಟು. ಹಾಗಾಗಿ ತನ್ನ ಮನೆಯ ಮುಂದೆ ಅಕ್ಕಪಕ್ಕದವರ ಕುರ್ಚಿಗಳನ್ನೆಲ್ಲ ಸಾಲಾಗಿ ಹಾಕಿಕೊಂಡು ಜನ ತಲೆ ತಗ್ಗಿಸಿ ಕೂತಿರುವುದನ್ನು ಕಂಡು, ಪಾಪ, ಯಾರೋ ಹೋಗಿಬಿಟ್ಟರಲ್ಲ ಎಂದು ಅವನೂ ಮುಖ ಸಪ್ಪಗೆ ಮಾಡಿಕೊಂಡು ಕೊನೆಯ ಸಾಲಿನ ಖಾಲಿ ಕುರ್ಚಿಯಲ್ಲಿ ಕೂತ. ಕೈಯಲ್ಲಿದ್ದ ಹಸಿರು ಮುಚ್ಚಳದ ನೀರಿನ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡ. ಪಕ್ಕದಲ್ಲಿದ್ದ ಕ್ಷೌರದಂಗಡಿಯವನ ಕಿವಿಯಲ್ಲಿ ಪಿಸುಗುಟ್ಟಿದ:

"ಯಾರು?"

"ಬೀಗದಣ್ಣ," ಎಂದ ಕ್ಷೌರದಂಗಡಿಯವನು ತಲೆ ಎತ್ತದೆ.

"ಅಯ್ಯೋ," ಎಂದ ಬೀಗದಣ್ಣ.

ಒಂದು ಕ್ಷಣ ಅವನಿಗೆ ನಿಜಕ್ಕೂ ದುಃಖವಾಯಿತು. ಒಳ್ಳೆಯ ಮನುಷ್ಯ ಎಂದುಕೊಂಡ. ಆಮೇಲೆ ಎಲ್ಲೋ ಏನೋ ತಪ್ಪಿದೆ ಅನ್ನಿಸಿತು. ಅಷ್ಟರಲ್ಲಿ ಕ್ಷೌರದಂಗಡಿಯವನು ತಲೆ ಎತ್ತಿದ, ಕಿರುಚಿದ, ಕುರ್ಚಿಯ ಸಮೇತ ಹಿಂದಕ್ಕೆ ಬಿದ್ದ.

ಎಲ್ಲರೂ ಎದ್ದರು. ಏಳದೆ ಕೂತವರು ಎದುರುಮನೆಯ ಮೇಷ್ಟ್ರು ಒಬ್ಬರೇ. ಮೂವತ್ತಾರು ವರ್ಷ ಅ ಆ ಇ ಈ ಕಲಿಸಿ ನಿವೃತ್ತರಾದವರು. ಅಚ್ಚಾದ ಅಕ್ಷರ ಸುಳ್ಳು ಹೇಳುವುದಿಲ್ಲ ಎಂಬುದು ಅವರ ಬದುಕಿನ ನಂಬಿಕೆ. ಆಡಿದ ಮಾತಿನ ಬಗ್ಗೆ, ಕಂಡ ಮನುಷ್ಯರ ಬಗ್ಗೆ ಅವರಿಗೆ ಅಂಥ ಭರವಸೆ ಇರಲಿಲ್ಲ.

"ಯಾರಯ್ಯ ನೀನು?" ಎಂದರು.

"ನಾನು ಮೇಷ್ಟ್ರೇ, ಬೀಗದಣ್ಣ."

"ಅವನು ತೀರಿಕೊಂಡ."

"ಯಾರು ಹೇಳಿದ್ದು?"

"ಮೂರನೇ ಪುಟ. ಎಡಗಡೆ, ಕೆಳಗೆ."

ಒಳಗಿಂದ ಹೆಂಡತಿ ಓಡಿಬಂದಳು. ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮೂರು ದಿನದ ಧೂಳು, ಹರಿದ ಚಪ್ಪಲಿ, ಕೆಂಪಾದ ಕಣ್ಣು. ಅವನ ಎದೆಗೆ ಎರಡು ಕೈಯಲ್ಲೂ ಗುದ್ದಿದಳು.

"ಎಲ್ಲಿ ಹಾಳಾಗಿ ಹೋಗಿದ್ರೀ? ನಿನ್ನೆಯಿಂದ ಅತ್ತು ಅತ್ತು ಗಂಟಲು ಕಟ್ಟಿದೆ ನನಗೆ. ಬದುಕಿದ್ದೀನಿ ಅಂತ ಒಂದು ಫೋನ್ ಮಾಡಕ್ಕೆ ಏನಾಗಿತ್ತು?"

"ಫೋನು ಚೀಲದಲ್ಲಿತ್ತು ಕಣೆ. ಚೀಲ ರೈಲಲ್ಲಿದೆ."

"ಮತ್ತೆ ನೀವ್ಯಾಕೆ ರೈಲಲ್ಲಿಲ್ಲ?"

ಬೀಗದಣ್ಣ ತನ್ನ ಹರಿದ ಚಪ್ಪಲಿ ನೋಡಿಕೊಂಡ. ಬಾಟಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ.

ಅವನ ಕಸುಬು ಬೀಗ ರಿಪೇರಿ. ಬಸ್ ನಿಲ್ದಾಣದ ಗೋಡೆಗೆ ಒರಗಿಸಿದ ಮರದ ಡಬ್ಬಿ, ಒಂದು ಕೊಡೆ, ಉಂಗುರಕ್ಕೆ ಪೋಣಿಸಿದ ನೂರಾರು ಬೀಗದ ಕೈ. ಕಸುಬಿನಲ್ಲಿ ಅವನಿಗೆ ಜಂಬವಿರಲಿಲ್ಲ. ಜಂಬವಿದ್ದದ್ದು ರೈಲಿನ ವಿಷಯದಲ್ಲಿ. ವರ್ಷಕ್ಕೊಮ್ಮೆ ಅಣ್ಣನ ಊರಿಗೆ ಹೋಗಿಬರುವವನು, ರೈಲುಗಳನ್ನು ತಾನೇ ಸಾಕಿ ಬೆಳೆಸಿದಂತೆ ಮಾತಾಡುತ್ತಿದ್ದ. ಇಂಜಿನ್ನಿನ ಸದ್ದು ಕೇಳಿಯೇ ಎಷ್ಟು ಹೊತ್ತಿಗೆ ಹೊರಡುತ್ತದೆಂದು ಹೇಳುತ್ತೇನೆ ಎನ್ನುತ್ತಿದ್ದ. ಎಪ್ಪತ್ತು ಜನರಿಗೆಂದು ಮಾಡಿದ ಸಾಮಾನ್ಯ ಬೋಗಿಯಲ್ಲಿ ಇನ್ನೂರು ಜನ ತುಂಬಿ, ಆ ಬೋಗಿ ಬಿಸಿಲಲ್ಲಿ ಹನ್ನೊಂದು ಗಂಟೆ ಕದಲದೆ ನಿಂತಾಗ, ನಲ್ಲಿಯಲ್ಲಿ ಗಾಳಿ ಮಾತ್ರ ಬರುತ್ತಿದ್ದಾಗ, ಅವನ ಎದುರು ಕೂತ ಒಬ್ಬ ಅಜ್ಜಿ ಈ ಮಾತನ್ನು ನಂಬಿದರು.

"ನೀರು ಬೇಕಿತ್ತಪ್ಪ. ಇಳಿದು ತರೋದ್ರಲ್ಲಿ ಗಾಡಿ ಹೊರಟುಬಿಟ್ರೆ?"

"ಇದಾ? ಇನ್ನೂ ಒಂದು ಗಂಟೆ ಅಲ್ಲಾಡಲ್ಲ ಅಜ್ಜೀ. ಸದ್ದು ಕೇಳಿ ಹೇಳ್ತಿದ್ದೀನಿ. ಬಾಟ್ಲಿ ಕೊಡಿ, ನನ್ನ ಚೀಲ ನೋಡ್ಕೊಳ್ಳಿ."

ದೂರದ ಗೇಟಿನ ಗುಡಿಸಿಲಿನ ಬಳಿ ನಲ್ಲಿ ಇತ್ತು. ಬಾಟಲಿ ತುಂಬಿ ಮುಚ್ಚಳ ತಿರುಗಿಸುತ್ತಿದ್ದಂತೆ, ಹನ್ನೊಂದು ಗಂಟೆ ಯಾರ ಮಾತೂ ಕೇಳದ ರೈಲು ಅವನ ಮಾತನ್ನು ಸುಳ್ಳು ಮಾಡಲೆಂದೇ ಹೊರಟಿತು. ಅವನು ಓಡಿದ. ಕಿಟಕಿಯಿಂದ ಅಜ್ಜಿಯ ಕೈ ಚಾಚಿಕೊಂಡಿತ್ತು, ಬಾಟಲಿಗೆಂದೋ ಅವನಿಗೆಂದೋ. ಆಮೇಲೆ ಒಂದು ದಿನ ನಡಿಗೆ, ಒಂದು ದಿನ ತರಕಾರಿ ಲಾರಿ. ದಾರಿಯಲ್ಲಿ ಅವನಿಗೂ ಬಾಯಾರಿತ್ತು. ಆ ಬಾಟಲಿಯ ಮುಚ್ಚಳ ಮಾತ್ರ ತೆಗೆಯಲಿಲ್ಲ.

ಇದನ್ನೆಲ್ಲ ಅವನು ತೊದಲುತ್ತ ಹೇಳಿದ ಮೇಲೂ ಮೇಷ್ಟ್ರು ಪತ್ರಿಕೆ ಬಿಡಿಸಿದರು. ಪುಟದ ಮೇಲರ್ಧದಲ್ಲಿ ನಾಲ್ಕು ಕಾಲಂ ಸುದ್ದಿ: ಅದೇ ರೈಲಿನ ಹವಾನಿಯಂತ್ರಿತ ಬೋಗಿಯಲ್ಲಿ ಗಣ್ಯರಿಗೆ ತಣ್ಣನೆಯ ಕಾಫಿ ಕೊಟ್ಟ ಬಗ್ಗೆ. ಜೊತೆಗೆ ಲೋಟದ ಫೋಟೋ. ಅದರ ಅಡಿಯಲ್ಲಿ ಬೆರಳಗಲದ ಜಾಗದಲ್ಲಿ ಉಳಿದ ಇನ್ನೂರು ಜನ. ಮೇಷ್ಟ್ರು ತರಗತಿಯ ಧ್ವನಿಯಲ್ಲಿ ಓದಿದರು:

"ಶೀರ್ಷಿಕೆ: ಇಳಿದವರು, ಅಳಿದವರು. ತಡವಾಗಿ ಬಂದ ದೂರದ ರೈಲಿನ ಸಾಮಾನ್ಯ ಬೋಗಿಯಲ್ಲಿ ಬೀಗ ರಿಪೇರಿಯವರೊಬ್ಬರು ಅಳಿದರು. ಮಗಳ ಮನೆಗೆ ಹೊರಟಿದ್ದ ವೃದ್ಧೆಯೊಬ್ಬರು ನಡುದಾರಿಯಲ್ಲಿ ಕ್ಷೇಮವಾಗಿ ಇಳಿದರು." ಕನ್ನಡಕದ ಮೇಲಿಂದ ನೋಡಿದರು. "ಕೇಳಿಸ್ತಾ? ಒಂದಕ್ಷರ ತಪ್ಪಿಲ್ಲ."

"ನಾನು ಇಳಿದಿದ್ದು ಮೇಷ್ಟ್ರೇ! ಅಜ್ಜಿ ಇಳಿಯಲೇ ಇಲ್ಲ!"

ಗುಂಪಿನ ಹಿಂದಿನಿಂದ ಒಬ್ಬ ಹೆಂಗಸು ಮುಂದೆ ಬಂದಳು. ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ನೀಲಿ ಅಂಗಿ, ಸೋಪಿನ ನೀರಲ್ಲಿ ಬಿಳಿಚಿ ಸುಕ್ಕಾದ ಬೆರಳು. ಅಂಗೈಯಲ್ಲಿ ಅದೇ ಸುದ್ದಿಯ ತುಂಡು, ನಾಲ್ಕಾಗಿ ಮಡಿಸಿದ್ದು. ಬೀಗದಣ್ಣನ ಹೆಂಡತಿಯನ್ನು ಮಾತಾಡಿಸಿಕೊಂಡು ಹೋಗಲು ಬಂದವಳು ಅವಳು. ನಿಮ್ಮವರು ಹೋದರು, ನಮ್ಮಮ್ಮ ಉಳಿದಳು, ನನಗೆ ನಾಚಿಕೆಯಾಗುತ್ತೆ ಅಕ್ಕಾ ಎಂದು ಬೆಳಗಿನಿಂದ ಮೂರು ಸಲ ಹೇಳಿದ್ದಳು. ಈಗ ಅವಳ ಮುಖ ಅರಳಿತು.

"ಅಣ್ಣಾ, ನೀವೂ ಬದುಕಿದ್ದೀರಾ! ಒಳ್ಳೇದಾಯ್ತು. ನಮ್ಮಮ್ಮ ಎಲ್ಲಿ ಇಳಿದ್ರು, ನೋಡಿದ್ರಾ? ಎರಡು ದಿನದಿಂದ ಎಲ್ಲ ಗಾಡಿಗೂ ಹೋಗಿ ಕಾಯ್ತಿದ್ದೀನಿ. ಕ್ಷೇಮವಾಗಿ ಅಂತ ಬರೆದಿದ್ದಾರೆ. ಮೂರು ಜನರ ಹತ್ರ ಓದಿಸಿದೆ. ಮೂರು ಜನಾನೂ ಕ್ಷೇಮವಾಗಿ ಅಂತಲೇ ಓದಿದ್ರು."

ಆಗ ಅವಳ ಕಣ್ಣು ಬಾಟಲಿಯ ಹಸಿರು ಮುಚ್ಚಳದ ಮೇಲೆ ನಿಂತಿತು. ಮುಚ್ಚಳಕ್ಕೆ ದಾರ ಸುತ್ತಿತ್ತು, ಅಮ್ಮ ಸುತ್ತುವ ಹಾಗೆ.

"ಇದು ನಿಮ್ಮ ಕೈಗೆ ಹೇಗೆ ಬಂತು ಅಣ್ಣಾ?"

*

ರೈಲು ನಿಲ್ದಾಣದ ವಿಚಾರಣೆಯ ಕಿಟಕಿಗೆ ಮೂವರು ಹೋದರು: ಬೀಗದಣ್ಣ, ಅಜ್ಜಿಯ ಮಗಳು, ಸಾಕ್ಷಿಯಾಗಿ ಪತ್ರಿಕೆಯನ್ನು ಕಂಕುಳಲ್ಲಿಟ್ಟುಕೊಂಡ ಮೇಷ್ಟ್ರು. ಗುಮಾಸ್ತ ಇವರನ್ನು ನೋಡದೆಯೇ ಮಾತಾಡುವ ಅಭ್ಯಾಸ ಮಾಡಿಕೊಂಡಿದ್ದ.

"ಇಳಿದವರ ಜವಾಬ್ದಾರಿ ನಮ್ಮದಲ್ಲಮ್ಮ. ರೈಲಲ್ಲಿರೋವರೆಗೂ ಪ್ರಯಾಣಿಕರು. ಇಳಿದ ಮೇಲೆ ಸಾರ್ವಜನಿಕರು."

"ಎಲ್ಲಿ ಇಳಿದ್ರು ಅಂತಾದ್ರೂ ಹೇಳಿ ಸಾರ್."

"ಪೇಪರಲ್ಲಿ ಇದೆಯಲ್ಲ."

"ಪೇಪರಿನವರಿಗೆ ಯಾರು ಹೇಳಿದ್ದು?" ಎಂದ ಬೀಗದಣ್ಣ.

"ನಾವೇ."

"ನಿಮಗೆ?"

ಗುಮಾಸ್ತ ಮೇಜಿನ ಖಾನೆ ಎಳೆದ. ಒಳಗೆ ಅದೇ ಪತ್ರಿಕೆಯ ಅದೇ ಪುಟವಿತ್ತು. "ಇದನ್ನ ನೋಡ್ಕೊಂಡೇ ನಾವು ದಿನದ ವರದಿ ಬರೆಯೋದು. ತಪ್ಪಾಗಬಾರದಲ್ಲ."

"ನನ್ನ ಚೀಲನಾದ್ರೂ ಕೊಡಿ. ಬೀಗದ ಕೈ ಎಲ್ಲ ಅದರಲ್ಲೇ ಇದೆ."

"ಆ ಚೀಲ ಮೃತರದ್ದು. ವಾರಸುದಾರರು ಬರಬೇಕು."

"ನಾನೇ ಸಾರ್ ಮೃತ!"

"ಮೃತರ ಕೈಗೆ ಕೊಡೋ ಹಾಗಿಲ್ಲ," ಎಂದು ಗುಮಾಸ್ತ ಕಿಟಕಿ ಮುಚ್ಚಿದ.

*

ಪತ್ರಿಕಾ ಕಚೇರಿಯ ಗೇಟಿನಲ್ಲಿ ಕಾವಲುಗಾರ ತಡೆದ.

"ಯಾರು ನೀವು?"

"ಬೀಗದವನು ಅಂತ ಹೇಳಿ. ಸುದ್ದಿ ಸಂಪಾದಕರಿಗೆ ಗೊತ್ತಾಗುತ್ತೆ. ನಿನ್ನೆ ತಾನೇ ಅವರ ಕಡೆಯಿಂದ ದೊಡ್ಡ ಅನ್ಯಾಯ ಆಗಿದೆ."

ಸುದ್ದಿ ಸಂಪಾದಕರ ಮಗಳ ಮದುವೆ ಆಗಿ ಎರಡು ತಿಂಗಳಾಗಿತ್ತು. ಕಾವಲುಗಾರ ಈ ಎರಡು ಸಂಗತಿಗಳನ್ನು ತನಗೆ ತೋಚಿದಂತೆ ಜೋಡಿಸಿ ಫೋನಿನಲ್ಲಿ ಹೇಳಿದ: "ಸಾರ್, ಬೀಗರು ಬಂದಿದ್ದಾರೆ. ತುಂಬಾ ಬೇಜಾರಲ್ಲಿದ್ದಾರೆ."

ರೈಲಿನಲ್ಲಿ ಜನ ಸತ್ತರೆ ಕುರ್ಚಿಯಿಂದ ಏಳದ ಮನುಷ್ಯ ಎರಡೆರಡು ಮೆಟ್ಟಿಲು ಹಾರಿಕೊಂಡು ಕೆಳಗೆ ಬಂದ. ಈ ಧೂಳಿನ ಮನುಷ್ಯ ಗಂಡಿನ ಚಿಕ್ಕಪ್ಪನೋ ದೊಡ್ಡಪ್ಪನೋ ನೆನಪಾಗದೆ ಎರಡೂ ಕೈ ಹಿಡಿದುಕೊಂಡ.

"ಬನ್ನಿ ಬೀಗರೇ, ಬನ್ನಿ! ಮೊದಲೇ ತಿಳಿಸಬಾರದಿತ್ತೇ? ಏಯ್, ಕುರ್ಚಿ ತನ್ನಿ, ಫ್ಯಾನು ಹಾಕಿ. ನಮ್ಮ ಹುಡುಗಿಯಿಂದ ಏನಾದ್ರೂ ತಪ್ಪಾಯ್ತೇ?"

"ನಿಮ್ಮಿಂದಲೇ ತಪ್ಪಾಗಿದೆ. ನನ್ನನ್ನ ಸಾಯಿಸಿದ್ದೀರಿ."

"ಅಂಥ ಮಾತು ಯಾಕೆ ಬೀಗರೇ! ಮದುವೆಯಲ್ಲಿ ಊಟಕ್ಕೆ ಎರಡನೇ ಪಂಕ್ತಿಯಲ್ಲಿ ಕೂರಿಸಿದ್ದಕ್ಕಾ?"

"ಅಳಿದದ್ದು ನಾನಲ್ಲ ಸಾರ್!"

"ಅಳಿಯಂದಿರಾ?" ಸಂಪಾದಕನ ಮುಖ ಬಿಳಿಚಿಕೊಂಡಿತು. ಅವನು ಗೋಡೆ ಹಿಡಿದ. "ಅಳಿಯಂದಿರಿಗೆ ಏನಾಯ್ತು? ಬೇಗ ಹೇಳಿ, ಯಾವ ಆಸ್ಪತ್ರೆ? ಯಾರು ನೋಡಿದ್ರು? ಸರಿಯಾಗಿ ವಿಚಾರಿಸಿದ್ರಾ?"

ತನ್ನ ಮನೆಯವರೊಬ್ಬರ ವಿಷಯ ಅನ್ನಿಸಿದ ಕೂಡಲೇ ಎಂಥ ಒಳ್ಳೆಯ ಪ್ರಶ್ನೆಗಳೆಲ್ಲ ಅವನಿಗೆ ಹೊಳೆದವು ನೋಡಿ. ಯಾರು ನೋಡಿದರು, ಎಲ್ಲಿ, ವಿಚಾರಿಸಿದಿರಾ. ಸೋಮವಾರ ಈ ಮೂರರಲ್ಲಿ ಒಂದನ್ನು ಕೇಳಿದ್ದರೂ ಸಾಕಿತ್ತು. ಮೇಷ್ಟ್ರು ಪತ್ರಿಕೆ ಬಿಡಿಸಿ ಮೂರನೇ ಪುಟಕ್ಕೆ ಬೆರಳಿಟ್ಟಾಗ, ಬಂದವರು ಬೀಗರಲ್ಲ, ಬೀಗದವರು ಮಾತ್ರ ಎಂದು ತಿಳಿಯಿತು. ಫ್ಯಾನು ನಿಂತಿತು. ಕುರ್ಚಿ ಬರಲಿಲ್ಲ.

"ನೋಡ್ರೀ," ಎಂದ ಸಂಪಾದಕ, ಉಸಿರು ಸರಿಮಾಡಿಕೊಂಡು. "ಒಬ್ಬರು ಸತ್ತಿದ್ದಾರೆ ಅಂತ ಬರೆದಿದ್ದೀವಿ. ಒಬ್ಬರೇ ಸತ್ತಿರೋದು. ಸಂಖ್ಯೆ ಸರಿ ಇದೆ. ನೀವು ಅಲ್ಲ ಅಂದ್ರೆ ಇನ್ಯಾರೋ ಇರಬೇಕು, ಅಷ್ಟೇ."

ತಾನು ಬದುಕಿದ್ದೇನೆ ಎಂದು ಬೆಳಗಿನಿಂದ ಕೂಗುತ್ತಿದ್ದ ಬೀಗದಣ್ಣನ ಬಾಯಿ ಅಲ್ಲಿಗೆ ನಿಂತಿತು. ಅವನು ಅಜ್ಜಿಯ ಮಗಳ ಕಡೆ ನೋಡಲಿಲ್ಲ.

ಸುದ್ದಿ ಬರೆದ ಉಪಸಂಪಾದಕನನ್ನು ಕರೆಸಿದರು. ವರದಿಗಾರ ಯಾರೆಂದು ಕೇಳಿದರೆ, ವರದಿಗಾರ ಕಾಫಿಯ ಸುದ್ದಿಗೆ ಹೋಗಿದ್ದ. ಇದು ಫೋನಿನಲ್ಲಿ ಬಂದದ್ದು. ಮೊಳೆಗೆ ಚುಚ್ಚಿದ ಹಳೇ ಚೀಟಿಗಳ ರಾಶಿಯಿಂದ ಉಪಸಂಪಾದಕ ಒಂದನ್ನು ಕಿತ್ತ. ಪೆನ್ಸಿಲಿನಲ್ಲಿ ಗೀಚಿದ್ದು. ಮೇಷ್ಟ್ರು ಈಸಿಕೊಂಡು ಅದೇ ತರಗತಿಯ ಧ್ವನಿಯಲ್ಲಿ ಶುರುಮಾಡಿದರು: "ಮಗಳ ಮನೆಗೆ ಹೊರಟ ಅಜ್ಜಿ, ನೀರಿಲ್ಲದೆ, ಅಳಿ..." ಧ್ವನಿ ಅಲ್ಲೇ ಬಿತ್ತು. ಉಳಿದದ್ದನ್ನು ಯಾರೂ ಓದಲಿಲ್ಲ. ಅಲ್ಲಿ ಇದ್ದದ್ದು ಇಷ್ಟೇ: ಬೀಗದ ಚೀಲದವನು ನಡುವೆ ಇಳಿದ.

"ಹೆಡ್ಡಿಂಗಿಗೆ ಪ್ರಾಸ ಹೊಂದಿಸೋವಾಗ ಅದು ಇಲ್ಲಿಗೆ, ಇದು ಅಲ್ಲಿಗೆ ಆಗಿದೆ," ಎಂದ ಉಪಸಂಪಾದಕ. "ಆದ್ರೆ ಎರಡು ಪದದಲ್ಲೂ ಅಕ್ಷರದೋಷ ಇಲ್ಲ."

ಇಲ್ಲ, ನಿಜ. ಅಕ್ಷರಗಳೆಲ್ಲ ಅದರದರ ಜಾಗದಲ್ಲಿದ್ದವು. ಮನುಷ್ಯರು ಮಾತ್ರ ಅದಲುಬದಲಾಗಿದ್ದರು.

ಮಗಳು ಅಳಲಿಲ್ಲ. ಅಂಗೈಯ ತುಂಡನ್ನು ಬಿಡಿಸಿ ಹಿಡಿದಳು.

"ಸಾರ್, ಕ್ಷೇಮವಾಗಿ ಅಂತ ಇದೆಯಲ್ಲ. ಆ ಚೀಟಿಯಲ್ಲಿ ಅದು ಇಲ್ಲ. ಅದನ್ನ ಯಾರು ಹೇಳಿದ್ರು?"

ಉಪಸಂಪಾದಕ ತಲೆ ಕೆರೆದುಕೊಂಡ. "ಕೊನೇ ಸಾಲು ತುಂಬಿರಲಿಲ್ಲಮ್ಮ. ಬಿಳೀ ಜಾಗ ಉಳಿದ್ರೆ ಚೆನ್ನಾಗಿ ಕಾಣಲ್ಲ."

*

ದೊಡ್ಡಾಸ್ಪತ್ರೆಯ ಶವಾಗಾರ ಕಟ್ಟಡದ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ವಿಭಾಗದ ಗೋಡೆಗೆ ಗೋಡೆ ತಾಗಿಕೊಂಡಿತ್ತು. ಮಗಳು ದಿನಕ್ಕೆ ನಾಲ್ಕು ಸಲ ಆ ಬಾಗಿಲ ಮುಂದೆ ಒಗೆದ ಬಟ್ಟೆಯ ಗಾಡಿ ತಳ್ಳಿಕೊಂಡು ಓಡಾಡುತ್ತಿದ್ದಳು. ಅಲ್ಲಿನ ಗುಮಾಸ್ತ ದಾಖಲೆ ತೆಗೆದ.

"ಸೋಮವಾರ ರೈಲಿಂದ ಒಂದು ಬಂದಿದೆ."

"ಹೆಂಗಸಾ?" ಎಂದ ಬೀಗದಣ್ಣ.

"ಅದೇ ತಲೆನೋವು. ದೇಹ ಹೆಂಗಸಿನದು. ರೈಲಿನವರ ವರದಿ ಗಂಡಸಿನದು, ಬೀಗ ರಿಪೇರಿ ಅಂತ. ನಾವು ಯಾವುದನ್ನ ನಂಬಬೇಕು ಹೇಳಿ."

"ಒಂದು ಸಲ ಮುಖ ತೋರಿಸಿ ಸಾರ್," ಎಂದಳು ಮಗಳು. "ನಾನು ಇಲ್ಲೇ ಪಕ್ಕದಲ್ಲಿ ಕೆಲಸ ಮಾಡೋಳು. ನೀವು ನೋಡಿದ್ದೀರಿ ನನ್ನ."

"ನೋಡಿದ್ದೀನಮ್ಮ. ಆದ್ರೆ ಅಳಿದವರ ಕಡೆಯವರಿಗೆ ಮಾತ್ರ ತೋರಿಸೋದು. ನೀವು ಇಳಿದವರ ಮಗಳು. ತಿದ್ದುಪಡಿ ಅಚ್ಚಾಗಿ ಬರಲಿ, ತಗೊಂಡು ಬನ್ನಿ."

ತಿದ್ದುಪಡಿ ಗುರುವಾರ ಬೆಳಿಗ್ಗೆ ಬಂತು. ಮೇಷ್ಟ್ರ ಮನೆಯ ಜಗಲಿಯಲ್ಲಿ ಬೀದಿಯೇ ಸೇರಿತ್ತು. ಮೇಷ್ಟ್ರು ಓದಿದರು: "ಮಂಗಳವಾರದ ಸುದ್ದಿಯಲ್ಲಿ ಬೀಗ ರಿಪೇರಿಯವರೊಬ್ಬರು ಇಳಿದರು, ವೃದ್ಧೆಯೊಬ್ಬರು ಉಳಿದರು ಎಂದು ಓದಿಕೊಳ್ಳಬೇಕು. ಪ್ರಮಾದಕ್ಕೆ ವಿಷಾದಿಸುತ್ತೇವೆ."

"ಉಳಿದರಂತೆ!" ಎಂದ ಕ್ಷೌರದಂಗಡಿಯವನು. "ಉಳಿದಿದ್ದಾರಂತೆ!" ಎಂದು ಹಿಂದಿನವರು ಮುಂದಿನವರ ಬೆನ್ನು ತಟ್ಟಿದರು. ಯಾರೋ ಚಪ್ಪಾಳೆಯನ್ನೂ ಹೊಡೆದರು. ಮಗಳು ಬೀಗದಣ್ಣನ ತೋಳು ಹಿಡಿದಳು. ರಾತ್ರಿಯೆಲ್ಲ ಅತ್ತ ಅವಳ ಕಣ್ಣಲ್ಲಿ ಮತ್ತೆ ಬೆಳಕು ಬಂದುಬಿಟ್ಟಿತ್ತು.

"ಅಣ್ಣಾ, ಚೀಟಿಯಲ್ಲೇ ತಪ್ಪಿದ್ದಿರಬಹುದು ಅಲ್ವಾ? ಉಳಿದಿದ್ದಾರೆ ಅಂತ ಅಚ್ಚಾಗಿದೆಯಲ್ಲ?"

ಒಬ್ಬ ತಾಯಿಯನ್ನು ಒಂದೇ ವಾರದಲ್ಲಿ ಎರಡು ಸಲ ಕೊಂದದ್ದು ಆ ಪತ್ರಿಕೆ. ಕೊಲ್ಲಲು ಬಳಸಿದ್ದು ಎರಡು ಸಲವೂ ಒಳ್ಳೆಯ ಸುದ್ದಿಯನ್ನೇ. ಉತ್ತರ ಕೊಟ್ಟವರು ಮೇಷ್ಟ್ರು. ಪತ್ರಿಕೆಯನ್ನು ಮಡಿಸಿ, ಮತ್ತೆ ಮಡಿಸಿ, ಅಂಗೈಯಗಲ ಮಾಡಿ, ಜಗಲಿಯಿಂದ ಕೆಳಗೆ ಬಿಟ್ಟರು.

"ಇಲ್ಲಮ್ಮ. ಹೋಗಿ ಕಣ್ಣಾರೆ ನೋಡೋಣ, ನಡಿ."

*

ಈ ಸಲ ಬೀಗದಣ್ಣನ ಹೆಂಡತಿಯೂ ಜೊತೆಗೆ ಬಂದಳು. ಗುಮಾಸ್ತ ಆಗಲೇ ಪತ್ರಿಕೆ ಓದಿದ್ದ.

"ಉಳಿದಿದ್ದಾರಂತಲ್ಲ! ಇನ್ನೂ ಒಳ್ಳೇದಾಯ್ತಲ್ಲಮ್ಮ. ಇಲ್ಲಿ ಯಾಕೆ ಬಂದ್ರಿ, ಹೋಗಿ ಹೊರಗೆ ಹುಡುಕಿ."

"ಒಳಗಿರೋರು ಯಾರು ಹಾಗಾದ್ರೆ?" ಎಂದರು ಮೇಷ್ಟ್ರು.

"ಒಳಗಿರೋದು ಬೀಗ ರಿಪೇರಿ. ನಮ್ಮ ದಾಖಲೆ ಬದಲಾಗಿಲ್ಲ."

ಬೀಗದಣ್ಣ ಹೆಂಡತಿಯ ಕಡೆ ತಿರುಗಿ ಕೈ ಚಾಚಿದ. ಇಪ್ಪತ್ತು ವರ್ಷದ ಸಂಸಾರ. ಅವಳು ಏನೂ ಕೇಳದೆ ಮುಡಿಯಿಂದ ಪಿನ್ನು ತೆಗೆದುಕೊಟ್ಟಳು. ಅವನು ಶವಾಗಾರದ ಬಾಗಿಲ ಮುಂದೆ ಕುಕ್ಕುರುಗಾಲಲ್ಲಿ ಕೂತು ಬೀಗವನ್ನು ಅಂಗೈಯಲ್ಲಿ ಎತ್ತಿ ನೋಡಿದ.

"ಏಯ್! ಸರ್ಕಾರಿ ಬೀಗ ಒಡೀತಿದ್ದೀಯ! ಪೊಲೀಸರನ್ನ ಕರೀತೀನಿ!"

"ಒಡೀತಿಲ್ಲ ಸಾರ್, ತೆಗೀತಿದ್ದೀನಿ. ಕರೀರಿ. ನಿಮ್ಮ ದಾಖಲೆ ಪ್ರಕಾರ ಒಳಗೆ ಮಲಗಿರೋನು ನಾನೇ. ನನ್ನ ಕೋಣೆ ಬಾಗಿಲು ನಾನು ತೆಗೆದ್ರೆ ಯಾವ ಕೇಸು ಹಾಕ್ತೀರಿ?"

ಗುಮಾಸ್ತ ಉತ್ತರಕ್ಕಾಗಿ ದಾಖಲೆಯ ಪುಟ ತಿರುವಿದ. ಬೀಗ ಸಣ್ಣ ಸದ್ದು ಮಾಡಿ ಬಿಚ್ಚಿಕೊಂಡಿತು. ಅಗ್ಗದ ಬೀಗ. ಈ ನಾಲ್ಕು ದಿನದಲ್ಲಿ ಬೀಗದಣ್ಣನ ಲೆಕ್ಕಾಚಾರದಂತೆ ನಡೆದ ಕೆಲಸ ಅದೊಂದೇ.

ಒಳಗೆ ಚಳಿಯಿತ್ತು. ಮೂಲೆಯ ಮೇಜಿನ ಮೇಲೆ ಹೊದಿಸಿದ ಬಟ್ಟೆಯ ಅಂಚಿನಲ್ಲಿ ಒಗೆಯುವ ವಿಭಾಗದ ಕೆಂಪು ನೂಲಿನ ಗುರುತು. ಮಗಳು ಮೊದಲು ಆ ಗುರುತನ್ನೇ ಬೆರಳಲ್ಲಿ ಮುಟ್ಟಿದಳು. ಆಮೇಲೆ ಬಟ್ಟೆ ಸರಿಸಿದಳು. ಯಾರೂ ಯಾರನ್ನೂ ಇವರೇನಾ ಎಂದು ಕೇಳಬೇಕಾಗಿ ಬರಲಿಲ್ಲ.

ಬೀಗದಣ್ಣ ಬಾಟಲಿಯನ್ನು ಅಜ್ಜಿಯ ಕೈಯ ಪಕ್ಕದಲ್ಲಿಟ್ಟ. ಇಟ್ಟವನು ಅಲ್ಲೇ ನಿಂತ.

"ಇನ್ನೂ ಒಂದು ಗಂಟೆ ಹೊರಡಲ್ಲ ಅಂದಿದ್ದೆ ಅಜ್ಜೀ," ಎಂದ. "ನನಗೆ ಸದ್ದು ಗಿದ್ದು ಏನೂ ಗೊತ್ತಾಗಲ್ಲ. ಸುಮ್ನೆ ಹೇಳ್ತಿದ್ದೆ."

ಅವನ ಹೆಂಡತಿ ಅವನ ಬೆನ್ನ ಮೇಲೆ ಕೈಯಿಟ್ಟಳು. ಬಾಗಿಲಲ್ಲಿ ನಿಂತಿದ್ದ ಗುಮಾಸ್ತ ಕೆಮ್ಮಿದ. ಅವನೂ ಮನುಷ್ಯನೇ, ಕೆಮ್ಮಿ, ಒಂದು ನಮೂನೆಯನ್ನೂ ಪೆನ್ನನ್ನೂ ಚಾಚಿದ. ಮೃತರ ಹೆಸರು ಎಂಬಲ್ಲಿ ಅವನ ಕೈಬರಹದಲ್ಲೇ ಬೀಗ ರಿಪೇರಿ ಎಂದಿತ್ತು.

"ಇದನ್ನ ಹೊಡೆದು ಹಾಕಿ, ನೀವೇ ಸರಿಯಾಗಿ ಬರೆದುಬಿಡಿ ಅಮ್ಮ. ನನಗೆ ಸಾಕಾಯ್ತು."

ಮಗಳು ಪೆನ್ನನ್ನು ಮುಷ್ಟಿಯಲ್ಲಿ ಹಿಡಿದಳು. ಅವಳು ಶಾಲೆಗೆ ಹೋದದ್ದು ಒಂದೇ ವರ್ಷ. ಬೀಗ ರಿಪೇರಿಯ ಮೇಲೆ ಗೆರೆ ಎಳೆದಳು. ಕೆಳಗೆ ನಿಧಾನವಾಗಿ, ಹೊಟ್ಟೆ ದೊಡ್ಡದು ಮಾಡಿ, ಒಂದು ಅ ಬರೆದಳು.

"ಹೂಂ," ಎಂದ ಗುಮಾಸ್ತ. "ಅಳಿದರು ಅಂತ ಇಲ್ಲಿ ಬೇಡ. ಇಲ್ಲಿ ಹೆಸರು ಬರೀಬೇಕು."

ಅವಳು ಕೇಳಿಸಿಕೊಳ್ಳಲಿಲ್ಲ. ಅ ಅಕ್ಷರದ ಪಕ್ಕದಲ್ಲಿ ಮ ಬರೆದು, ಅದರ ಕೆಳಗೆ ಒತ್ತು ಕೊಟ್ಟು, ಪೆನ್ನು ಕೆಳಗಿಟ್ಟಳು.

ಮೇಷ್ಟ್ರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ತಿದ್ದುವುದು ಏನೂ ಇರಲಿಲ್ಲ.